ಎಡಗಾಲಿನ ಮೇಲೆ ಭಾರ

ಮೊನ್ನೆ ಶಾಲೆಯ ಕಟ್ಟೆಯ ಮೇಲೆ ಕೂತು ಬೂಟಿಗೆ ಮೆತ್ತಿದ ಎರೆಮಣ್ಣನ್ನು ಕಡ್ಡಿಯಿಂದ ಕೆರೆಯುತ್ತಿದ್ದೆ. ಹಸಿಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಜೂ ಮನೆಯ ಕಾಕಾ ನೆನಪಾದರು. ಎದೆ ಒಡೆಯಿತು ಎಂದೇನೂ ಅಲ್ಲ. ನೆನಪಾದರು, ಅಷ್ಟೇ.

ಜಮಖಾನೆ ನೇಯುವ ಮನೆತನ ಅವರದು. ಮಗ್ಗ ಬಿಟ್ಟು ಪುಣೆಗೆ ಹೋಗಿ, ಗಾಲ್ಫ್ ಮೈದಾನದಲ್ಲಿ ಸಾಹೇಬರ ಆಟದ ಕೋಲುಗಳ ಚೀಲ ಹೊತ್ತು, ನೋಡಿ ನೋಡಿಯೇ ಆಟ ಕಲಿತು, ವಯಸ್ಸಾದ ಮೇಲೆ ಒಂದೇ ಒಂದು ಕಬ್ಬಿಣದ ಕೋಲು ಹಿಡಿದು ನವಲಗುಂದಕ್ಕೆ ಮರಳಿದ್ದರು. ಮುದುಕರ ಚಿನ್ನಿದಾಂಡು ಎಂದು ಊರವರು ನಗುತ್ತಿದ್ದರು. ನಾನು ಆಗಷ್ಟೇ ದೈಹಿಕ ಶಿಕ್ಷಕಿಯಾಗಿ ಬಂದವಳು. ನನಗೂ ಕಲಿಸ್ತೀರೇನ್ರಿ ಎಂದು ಕೇಳಿಯೇಬಿಟ್ಟೆ.

ಒಂದು ತಿಂಗಳು ಚೆಂಡನ್ನೇ ತೋರಿಸಲಿಲ್ಲ ಪುಣ್ಯಾತ್ಮ! ಹತ್ತಿ ಬಿಡಿಸಿ ಮುಗಿದ ಹೊಲದಲ್ಲಿ ಹಳೆಯ ಜಮಖಾನೆ ಹಾಸಿ, ಅದರ ಪಟ್ಟೆಗಳ ಮೇಲೆ ನನ್ನ ಪಾದ ಇಡಿಸುತ್ತಿದ್ದರು. ಕೋಲು ಹಿಂದೆ ಹೋದಾಗ ಭಾರ ಬಲಗಾಲಿಗೆ ಬರಬೇಕು. ಹೊಡೆಯುವಾಗ ಮೊದಲು ಸೊಂಟ ತಿರುಗಬೇಕು, ಕೈ ಅದರ ಹಿಂದೆ ಬರಬೇಕು. ಕೊನೆಗೆ ಭಾರವೆಲ್ಲ ಎಡಗಾಲಿನ ಮೇಲೆ ನಿಂತು, ಬಲಗಾಲಿನ ಹಿಮ್ಮಡಿ ತಾನೇ ಏಳಬೇಕು... ಇಷ್ಟೇ ಪಾಠ. ನನ್ನ ಹಿಮ್ಮಡಿ ಮಾತ್ರ ಏಳುತ್ತಲೇ ಇರಲಿಲ್ಲ. ಮಳೆಗಾಲದ ಎರೆಹೊಲದಲ್ಲಿ ಜಾರಬಾರದೆಂದು ಅಂಗಾಲು ಒತ್ತಿ, ಬೆರಳು ಊರಿ ನಡೆದು ಬೆಳೆದವರು ನಾವು. ಒಣ ಜಮಖಾನೆಯ ಮೇಲೂ ಕಾಲು ಅದನ್ನೇ ಮಾಡುತ್ತಿತ್ತು. ಆ ಚಾಳಿ ಬಿಡಲು ತಮಗೂ ವರ್ಷಗಟ್ಟಲೆ ಹಿಡಿಯಿತೆಂದು ಕಾಕಾ ನಕ್ಕಿದ್ದರು.

“ಬೀಳ್ತೀನಂತ ಅಂಜಬ್ಯಾಡ್ರಿ ಅಕ್ಕೋರ. ಅಂಜಿದ್ರ ಹಿಮ್ಮಡ ಏಳೂದಿಲ್ಲ.”

ಆಮೇಲೊಂದು ಬೆಳಿಗ್ಗೆ ಅವರಿಗೆ ಲಕ್ವಾ ಹೊಡೆದು ಎಡಭಾಗ ಹೋಯಿತು. ಭಾರವೆಲ್ಲ ಹೊರಬೇಕಾದ ಕಾಲೇ ಅದು. ಕೆಲವು ತಿಂಗಳು ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತೇ ಇದ್ದರು. ಒಂದು ದಿನ ನನ್ನನ್ನು ಕರೆದು, ಒಮ್ಮೆ ಹೊಡೆಯಬೇಕು, ಹಿಂದೆ ನಿಲ್ಲಿರಿ ಎಂದು ಕೇಳಿಕೊಂಡರು. ಸೊಸೆ ಬೇಡವೆಂದಳು. ಅವರು ಕೇಳಬೇಕಲ್ಲ! ಅಂಗಳದಲ್ಲಿ ನಿಲ್ಲಿಸಿ, ಎರಡೂ ಕೈಯಿಂದ ಸೊಂಟ ಹಿಡಿದೆ. ಬಲಗೈಯಲ್ಲಿದ್ದ ಕೋಲು ಹಿಂದೆ ಹೋಯಿತು. ಆಮೇಲೆ, ಕೈಗಿಂತ ಮೊದಲು, ಸೊಂಟ ತಿರುಗತೊಡಗಿದ್ದು ನನ್ನ ಅಂಗೈಗೆ ಗೊತ್ತಾಯಿತು. ಅಗದಿ ಸರಿಯಾಗಿತ್ತು.

“ಬಿಡ್ರಿ,” ಅಂದರು.

ನಾನು ಬಿಡಲಿಲ್ಲ. ಆ ಎಡಗಾಲು ತಾಳುವುದಿಲ್ಲವೆಂದು ಗೊತ್ತಿತ್ತು. ಭಾರ ಎಲ್ಲಿಗೆ ಬೀಳುತ್ತದೆಂದು ಕಲಿಸಿದವರೇ ಅವರು. ಇನ್ನಷ್ಟು ಬಿಗಿಯಾಗಿ ಹಿಡಿದೆ. ಸೊಂಟ ಅರ್ಧಕ್ಕೇ ನಿಂತಿತು. ಕೋಲು ತಾಗಿದ ಚೆಂಡು ಒಂದು ಮೊಳ ಉರುಳಿತು. ಕಾಕಾ ಅದನ್ನು ಬಹಳ ಹೊತ್ತು ನೋಡಿದರು.

“ಬೀಳಾಕರ ಬಿಡಬೇಕಿತ್ರಿ ನನ್ನ.”

ಮತ್ತೆಂದೂ ಕೋಲು ಕೇಳಲಿಲ್ಲ. ಎರಡು ವಾರದಲ್ಲಿ ತೀರಿಕೊಂಡರು. ಸೊಸೆ ಅತ್ತಳು, ಓಣಿಯೆಲ್ಲ ಅತ್ತಿತು. ನಾನು ಚಹಾ ಕಾಸಿ ಬಂದವರಿಗೆ ಕೊಟ್ಟೆ. ಅಳು ಬರಲಿಲ್ಲ. ಈಗಲೂ ಬರುವುದಿಲ್ಲ. ಅದೇ ನನಗೆ ದೊಡ್ಡ ತ್ರಾಸು.

ನಿನ್ನೆ ಮಕ್ಕಳಿಗೆ ಒಂಟಿಕಾಲಿನ ಮೇಲೆ ನಿಲ್ಲುವುದನ್ನು ಹೇಳಿಕೊಡುತ್ತಿದ್ದೆ. ಒಬ್ಬ ಹುಡುಗಿ ವಾಲಿದಳು. ನನ್ನ ಕೈ ಮುಂದೆ ಹೋಯಿತು; ಹಿಂದಕ್ಕೆ ಎಳೆದುಕೊಂಡೆ. ಅವಳು ಬಿದ್ದಳು, ಲಂಗ ಕೊಡವಿಕೊಂಡು ಎದ್ದಳು. ಕಾಕಾ ಬಿದ್ದಿದ್ದರೆ ಹೀಗೆ ಏಳುತ್ತಿರಲಿಲ್ಲ, ಸೊಂಟ ಮುರಿಯುತ್ತಿತ್ತು, ಗೊತ್ತು. ಆದರೆ ಆ ಹೊಡೆತವನ್ನು ಅವರು ಪೂರ್ತಿ ಹೊಡೆದಿರುತ್ತಿದ್ದರು... ನಾನು ಬಿಡಬೇಕಿತ್ತು.