ಚುಕ್ಕೆಯಲ್ಲ, ಗೆರೆ

ಇವತ್ತು ಬೆಳಿಗ್ಗೆ ಬಾಲ್ಕನಿಯಲ್ಲಿ ಟವೆಲ್ ಹರವುತ್ತಿದ್ದಾಗ ಎದುರಿನ ತಂತಿಯ ಮೇಲಿಂದ ಒಂದು ಹಕ್ಕಿ ಹಾಡಿತು. ಹಾಡಿತು ಅನ್ನುವುದು ಮರ್ಯಾದೆಯ ಮಾತು. ನೆಗಡಿಯಾದವರು ಖಾಲಿ ಬಾಟಲಿಯೊಳಗೆ ಊದಿದಂತೆ, ‘ದೆದ್ದೆ ಪೊಪ್ಪೋ, ದೆದ್ದೆ ಪೊಪ್ಪೋ’. ನೀವಾಗಿದ್ದರೆ ಕಿಟಕಿ ಹಾಕಿಕೊಳ್ಳುತ್ತಿದ್ದಿರಿ. ನಾನು ಟವೆಲ್ ಹಿಡಿದು ನಿಂತೇ ಇದ್ದೆ. ನನಗೆ ನಮ್ಮ ಅತ್ತೆ ನೆನಪಾಗಿದ್ದರು.

ಅತ್ತೆ ಮೈಸೂರಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ಅವರು ನಿವೃತ್ತರಾದರೂ ಗಂಟಲು ಆಗಿರಲಿಲ್ಲ. ಕೆಲವು ವರ್ಷದ ಹಿಂದೆ ಜಪಾನಿನಲ್ಲಿ, ಟೋಕಿಯೋ ಪಕ್ಕದ ಗ್ಯೋಟೋಕುವಿನ ನಮ್ಮ ಮನೆಗೆ ಬಂದಾಗ ಅವರಿಗೆ ಗದರಿಸಲು ಯಾರೂ ಸಿಗಲಿಲ್ಲ. ಅವರ ಮಗ, ಅಂದರೆ ನನ್ನ ಗಂಡ, ಬೆಳಿಗ್ಗೆಯೇ ರೈಲು ಹತ್ತಿ ಟೋಕಿಯೋಗೆ ಹೋಗುತ್ತಿದ್ದ. ನಾನೋ ಗದರಿಸಿಕೊಳ್ಳುವುದರಲ್ಲಿ ಎಷ್ಟು ಪಳಗಿದ್ದೆನೆಂದರೆ ಅವರಿಗೆ ಅದರಲ್ಲಿ ಮಜಾ ಉಳಿದಿರಲಿಲ್ಲ. ಬಂದ ಸ್ವಲ್ಪ ದಿನಕ್ಕೇ, “ವಾಪಸ್ ಟಿಕೆಟ್ ಮುಂಚೆ ಮಾಡಿಸೋಕಾಗುತ್ತಾ ಕೇಳೇ” ಎಂದು ಶುರುಮಾಡಿದರು.

ಆಗ ಬಂದದ್ದು ಇದೇ ಜಾತಿಯ ಹಕ್ಕಿಗಳ ಒಂದು ಜೋಡಿ. ಎ.ಸಿ.ಯ ಹೊರಗಿನ ಡಬ್ಬದ ಮೇಲೆ ನಾನು ಎಸೆಯದೆ ಇಟ್ಟಿದ್ದ ಮುರುಕು ಬುಟ್ಟಿಯೊಳಗೆ ನಾಲ್ಕು ಕಡ್ಡಿ ಹಾಕಿ, ಅದನ್ನೇ ಗೂಡೆಂದು ನಂಬಿ, ಎರಡು ಮೊಟ್ಟೆ ಇಟ್ಟವು.

“ಥೂ, ಇದೊಂದು ಗೂಡಾ! ಸ್ಕೂಲ್ ಹುಡುಗ್ರು ಕೊನೇ ಪೀರಿಯಡ್‌ನಲ್ಲಿ ಮಾಡಿದ ಪ್ರಾಜೆಕ್ಟ್ ಇದ್ದಂಗಿದೆ,” ಎಂದರು ಅತ್ತೆ. ಮುಖ ಮಾತ್ರ ಅರಳಿತ್ತು. “ನಮ್ಮೂರ ಚುಕ್ಕೆ ಬೆಳವ ಕಣೇ. ವೀಸಾ ಇಲ್ದೆ ಬಂದುಬಿಟ್ಟಿದೆ!”

ಪಕ್ಕದ ಬಾಲ್ಕನಿಯಿಂದ ಬಿಳಿತಲೆಯೊಂದು ಇಣುಕಿತು. ಒಂಟಿಯಾಗಿದ್ದ ಮುದುಕಿ ಹಯಾಶಿ ಸಾನ್. ಅಷ್ಟು ವರ್ಷವೂ ನಾನು ಅವರನ್ನು ಕಂಡಾಗಲೆಲ್ಲ ತಲೆಬಾಗಿ, ಬಾಗಿದ ತಲೆ ಎತ್ತುವಷ್ಟರಲ್ಲಿ ಮಾಯವಾಗುತ್ತಿದ್ದೆ.

“ಕಿಜಿಬಾತೊ,” ಎಂದು ಹಕ್ಕಿಯತ್ತ ಬೆರಳು ಮಾಡಿ ಅದರ ಜಪಾನಿ ಹೆಸರು ಹೇಳಿದರು ಅವರು.

“ಬೆಳವ,” ಎಂದರು ಅತ್ತೆ.

“ಕಿಜಿಬಾತೊ.”

“ಹೇಳೇ ಅವರಿಗೆ! ಕುತ್ತಿಗೆ ಮೇಲೆ ಎಳ್ಳು ಚೆಲ್ಲಿದ ಹಾಗೆ ಬಿಳೀ ಚುಕ್ಕೆ ಇರುತ್ತೆ ಅಂತ.”

ಹಕ್ಕಿ, ಕುತ್ತಿಗೆ, ಎಳ್ಳು ಮೂರನ್ನೂ ನನ್ನ ಹರಕು ಜಪಾನಿ ಭಾಷೆಯಲ್ಲಿ ಜೋಡಿಸಿದೆ. ಅದು ಅವರಿಗೆ ಅಡುಗೆಯ ವಿವರಣೆಯಾಗಿ ಕೇಳಿಸಿರಬೇಕು. ಹಯಾಶಿ ಸಾನ್ ಬೆಚ್ಚಿಬಿದ್ದು, ಮರುಕ್ಷಣವೇ ನಮ್ಮ ಬಾಗಿಲ ಬೆಲ್ ಒತ್ತಿದರು.

ಹಕ್ಕಿಯನ್ನು ಬೇಯಿಸುವುದಿಲ್ಲವೆಂದು ಖಾತ್ರಿಯಾದ ಮೇಲೆ ಇಬ್ಬರೂ ಗಾಜಿನ ಬಾಗಿಲ ಹಿಂದೆ ಕುಳಿತರು. ಹಕ್ಕಿ ಬಹಳ ಹೊತ್ತು ಬೆನ್ನು ತೋರಿಸಿ, ಕೊನೆಗೆ ಕತ್ತು ಹೊರಳಿಸಿತು. ಕತ್ತಿನ ಪಕ್ಕದಲ್ಲಿ ಚುಕ್ಕೆಯಿರಲಿಲ್ಲ. ಬಾಚಣಿಗೆಯಲ್ಲಿ ಎಳೆದಂತೆ ಕಪ್ಪು ಗೆರೆ, ನೀಲಿ ಮಿಶ್ರಿತ ಬಿಳಿ ಗೆರೆ, ಮತ್ತೆ ಕಪ್ಪು.

“ಗೆರೆ ಕಣೇ,” ಎಂದರು ಅತ್ತೆ ಮೆಲ್ಲಗೆ. “ಇದು ನಮ್ದಲ್ಲ.” ನನ್ನ ಮದುವೆಯಾದ ಮೇಲೆ ಅವರು ಸೋಲೊಪ್ಪಿಕೊಂಡದ್ದು ಅದೊಂದೇ ಸಲ. ಅದೂ ಹಕ್ಕಿಗೆ.

ಅಂದಿನಿಂದ ಹಯಾಶಿ ಸಾನ್ ದಿನಾ ಬಂದರು. ಟಿಕೆಟ್ಟಿನ ಮಾತು ನಿಂತುಹೋಯಿತು.

ಮೊಟ್ಟೆಯೊಡೆದು ಮರಿಗಳು ಹೊರಬಂದವು. ಅವಕ್ಕೆ ರೆಕ್ಕೆ ಮೂಡುವ ಹೊತ್ತಿಗೆ ಒಂದು ಮಧ್ಯಾಹ್ನ ಕಾಗೆಯೊಂದು ಎರಗಿ ಒಂದನ್ನು ಎತ್ತಿಕೊಂಡು ಹೋಯಿತು. ಅತ್ತೆ ಸೌಟು ಹಿಡಿದು ಓಡಿದರು. “ಏ ದರಿದ್ರ ಮುಂಡೇದೇ! ನಿನ್ನ ಕೊಕ್ಕಿಗೆ ಬೆಂಕಿ ಹಾಕ! ನಿನ್ನ ವಂಶ ಹಾಳಾಗ!” ಇಡೀ ಆಟದ ಮೈದಾನಕ್ಕೆ ಕೇಳಿಸುತ್ತಿದ್ದ ಆ ದನಿಗೆ ಸದ್ದೇ ಇಲ್ಲದ ನಮ್ಮ ಬೀದಿಯ ಕಿಟಕಿಗಳೆಲ್ಲ ತೆರೆದವು. ಆಚೆ ಬಾಲ್ಕನಿಯಲ್ಲಿ ಪೊರಕೆ ಹಿಡಿದಿದ್ದ ಹಯಾಶಿ ಸಾನ್, ಒಂದಕ್ಷರ ತಿಳಿಯದಿದ್ದರೂ, ಪ್ರತಿ ಶಾಪಕ್ಕೂ “ಹೌದು, ಹೌದು” ಎಂದು ಜಪಾನಿಯಲ್ಲಿ ತಲೆಯಾಡಿಸಿದರು.

ಆಮೇಲೆ ಅತ್ತೆ ಸಿಂಕಿನ ಮುಂದೆ ನಲ್ಲಿ ಬಿಟ್ಟುಕೊಂಡು ನಿಂತರು. ತೊಳೆಯಲು ಪಾತ್ರೆಯೇ ಇರಲಿಲ್ಲ. ಹಯಾಶಿ ಸಾನ್ ಒಳಗೆ ಬಂದವರು ಪಕ್ಕದಲ್ಲಿ ನಿಂತು, ಒಣಗಿದ್ದ ಲೋಟಗಳನ್ನೇ ಮತ್ತೆ ಒರೆಸಿದರು. ಉಳಿದ ಮರಿ ಬದುಕಿತು, ಹಾರಿತು. ಅತ್ತೆಯೂ ಹೊತ್ತಿಗೆ ಸರಿಯಾಗಿ ಮೈಸೂರಿಗೆ ಹಾರಿದರು.

ಇವತ್ತು ಅತ್ತೆಗೆ ನಾನೇ ವೀಡಿಯೊ ಕಾಲ್ ಮಾಡಿದೆ. ನನ್ನ ಕ್ಷೇಮಸಮಾಚಾರ ಅರ್ಧಕ್ಕೇ ತುಂಡರಿಸಿ, “ಸರಿ ಸರಿ, ಅವರಿಗೆ ಕೊಡು” ಎಂದರು. ಬಾಲ್ಕನಿಯ ಅಡ್ಡತಡಿಕೆಯಾಚೆ ಕೈ ಚಾಚಿ ಫೋನ್ ಹಿಡಿದೆ. ಅತ್ತೆ ಕನ್ನಡದಲ್ಲಿ ಮಂಡಿನೋವಿನ ಕಥೆ ಹೇಳುತ್ತಿದ್ದರೆ, ಹಯಾಶಿ ಸಾನ್ ತಮ್ಮ ಭಾಷೆಯಲ್ಲಿ ಏನೋ ಅನ್ನುತ್ತ ಕ್ಯಾಮೆರಾದ ಮುಂದೆ ತಮ್ಮ ಮಂಡಿಯನ್ನೇ ಎತ್ತಿ ತೋರಿಸುತ್ತಿದ್ದರು. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು. ಅದೇನೆಂದು ಹೇಳು ಅಂತ ಇಬ್ಬರೂ ನನ್ನನ್ನು ಕೇಳಲಿಲ್ಲ. ತೋಳು ಸೋಲತೊಡಗಿತು. ನಾನು ಕೈ ಬದಲಿಸಿ ಹಿಡಿದೆ.