ಹರಳು ಎಲ್ಲಿ ಜಾರೀತು?

ಬೆಳಕು ಹರಿಯುವ ಮೊದಲೇ, ಎಲ್ಲರೂ ಪಾಲಿಶ್ ಅಕ್ಕ ಎಂದು ಕರೆಯುವವಳು ಪ್ರಯೋಗಾಲಯದ ಬೀಗ ತೆಗೆಯುತ್ತಾಳೆ. ರಸ್ತೆಯಲ್ಲಿ ಲಾರಿಗಳು ಶುರುವಾದರೆ ನೆಲ ನಡುಗುತ್ತದೆ, ಸೂಕ್ಷ್ಮದರ್ಶಕದಲ್ಲಿ ಕಾಣುವುದೆಲ್ಲ ಕಲಸಿಹೋಗುತ್ತದೆ. ಅಷ್ಟರೊಳಗೆ ಕೆಲಸ ಮುಗಿಯಬೇಕು. ಇವತ್ತಂತೂ ಅವಳ ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ. ಚಪ್ಪಲಿ ಬಿಡುತ್ತಾಳೆ, ಹಾಕಿಕೊಳ್ಳುತ್ತಾಳೆ, ಮತ್ತೆ ಬಿಡುತ್ತಾಳೆ.

ಅವಳ ಮುಂದಿರುವುದು ಬೆರಳುದ್ದದ ಲೋಹದ ಕಡ್ಡಿ. ಅಲ್ಯೂಮಿನಿಯಂಗೆ ಚೂರು ತಾಮ್ರ ಬೆರೆಸಿ, ಕುಲುಮೆಯಲ್ಲಿ ದಿನಗಟ್ಟಲೆ ಕಾದು ಬೆಳೆಸಿದ್ದು; ಇಡೀ ಕಡ್ಡಿಯೇ ಒಂದೇ ಹರಳು. ಅದನ್ನು ಕನ್ನಡಿಯಂತೆ ಉಜ್ಜಿ, ಯಂತ್ರದ ಎರಡು ದವಡೆಗಳಿಗೆ ಕಚ್ಚಿಸಿ, ನಿಧಾನವಾಗಿ ಎಳೆದು, ಎಲ್ಲಿ ಜಾರಿ ಸೋಲುತ್ತದೆಂದು ಇಲ್ಲಿನ ಸಂಶೋಧಕಿಗೆ ಹಿಡಿದು ತೋರಿಸುವುದು ಅವಳ ಕೆಲಸ. ನಿನ್ನೆ ಇಂಥದ್ದೇ ಇನ್ನೊಂದು ಕಡ್ಡಿ ಹಿಡಿತದಿಂದ ಜಾರಿಹೋದೀತೆಂಬ ಭಯಕ್ಕೆ ದವಡೆಯನ್ನು ಹೆಚ್ಚಿಗೆ ಬಿಗಿದುಬಿಟ್ಟಳು. ಹರಳು ನಡುವೆ ಸೋಲುವ ಬದಲು ದವಡೆ ಕಚ್ಚಿದ ಜಾಗದಲ್ಲೇ ತುಂಡಾಯಿತು. ಉಳಿದಿರುವುದು ಇದೊಂದೇ. ಇದೂ ಹೋದರೆ ಸಂಶೋಧಕಿಯ ವರ್ಷದ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತೆ.

"'ಹೋಗ್ಲಿ ಬಿಡಿ ಅಕ್ಕ' ಅಂದ್ರು ಮೇಡಂ. ಬೈದಿದ್ರೆ ನಿದ್ದೆನಾದ್ರೂ ಬರ್ತಿತ್ತು," ಎನ್ನುತ್ತಾಳೆ ಅಕ್ಕ.

ಮೊದಲು ಚಮಚದ ಕಾರ್ಖಾನೆಯಲ್ಲಿ ಉಜ್ಜುತ್ತಿದ್ದಳು. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದಳು. ಊಟಕ್ಕೆ ಕೂತರೆ ಈಗಲೂ ಚಮಚವನ್ನು ಬೆಳಕಿಗೆ ಹಿಡಿಯುತ್ತಾಳೆಂದು ಮಗಳು ಆಡಿಕೊಳ್ಳುತ್ತಾಳೆ. ಉಜ್ಜಿ ಉಜ್ಜಿ ಬೆರಳ ತುದಿ ಸವೆದು ನುಣ್ಣಗಾಗಿದೆ, ಚಳಿಗಾಲದಲ್ಲಿ ಬಿರಿದು ರಕ್ತ ಒಸರುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಮೂಗಿನ ತುದಿಯಲ್ಲೇ ಸಿಟ್ಟಿರುವ ಗಂಡ. ತಾಯಿ ಮಗನ ಜಗಳ ಬಿಡಿಸುವವಳೂ ಇವಳೇ.

ಹರಳಿನ ಸಮಾಚಾರ ಕೇಳಿದರೆ ಮಾತ್ರ ಮುಖ ಅರಳುತ್ತದೆ. "ಎಳೆದ್ರೆ ಎಲ್ಲಾ ಕಡೆ ಒಂದೇ ಸಮ ಉದ್ದ ಆಗುತ್ತೆ ಅಂದ್ಕೋಬೇಡಿ. ಮೊದ್ಲು ಮೈತುಂಬಾ ಕೂದಲೆಳೆಯಂಥ ಓರೆ ಗೆರೆ. ಇಸ್ಪೀಟಿನ ಕಟ್ಟು ತಳ್ಳಿದಂಗೆ ಒಳಗೆ ಪದರ ಪದರ ಜಾರ್ತಿರುತ್ತೆ. ಆಮೇಲೆ ಎಲ್ಲೋ ಒಂದು ಕಡೆ ಸೋಲುತ್ತೆ. ಸೋತ ಕಡೆಗೇ ಮಿಕ್ಕಿದ್ದೆಲ್ಲಾ ಬಂದು ಬೀಳುತ್ತೆ. ನಮ್ಮನೆ ಥರ."

ಸೋಲು ಶುರುವಾದ ಕ್ಷಣವೇ ಯಂತ್ರ ನಿಲ್ಲಿಸಬೇಕು. ರೆಪ್ಪೆ ಬಡಿದರೆ ಹರಳು ಓರೆಯಾಗಿ ಮುರಿದು ಎರಡಾಗುತ್ತದೆ.

ಸಂಶೋಧಕಿ ಬರುತ್ತಾಳೆ. "ಅಕ್ಕ, ಬಿಗಿ ಸಾಕಾ?"

"ಸಾಕು ಮೇಡಂ. ಇವತ್ತು ಅದಕ್ಕೆ ಉಸಿರಾಡೋಕೆ ಬಿಟ್ಟಿದೀನಿ. ನೀವೂ ಒಂಚೂರು ಉಸಿರಾಡಿ."

ಯಂತ್ರ ಗುಂಯ್‌ಗುಡುತ್ತದೆ. ಅಕ್ಕನ ಕಣ್ಣು ಸೂಕ್ಷ್ಮದರ್ಶಕದಲ್ಲಿ, ಬೆರಳು ಯಂತ್ರ ನಿಲ್ಲಿಸುವ ಗುಂಡಿಯ ಮೇಲೆ. ಹೊಳಪಿನ ಮೇಲೆ ಸಣ್ಣ ಗೆರೆಗಳು ಮೂಡುತ್ತವೆ. ದೂರದಲ್ಲಿ ಮೊದಲ ಲಾರಿಯ ಸದ್ದು. ಅವಳು ತುಟಿ ಕಚ್ಚುತ್ತಾಳೆ. ಒಮ್ಮೆಲೇ ಗೆರೆಗಳ ನಡುವೆ ಒಂದು ಪಟ್ಟಿ ದಪ್ಪಗಾಗುತ್ತದೆ, ಬೆರಳು ಗುಂಡಿ ಒತ್ತುತ್ತದೆ.

"ನಡುವೇನೇ ಮೇಡಂ! ಸರಿಯಾಗಿ ನಡುವೆ!"

ಸಂಶೋಧಕಿ ಸ್ಟೂಲಿನ ಮೇಲೆ ಕುಸಿದು ಕೂತು, ಅಳುತ್ತಲೇ ನಗುತ್ತಾಳೆ. ಅಕ್ಕ ಮಾತ್ರ ಇನ್ನೂ ಚಡಪಡಿಸುತ್ತಿದ್ದಾಳೆ, ಕಣ್ಣು ಆ ಪಟ್ಟಿಯಿಂದ ಕದಲುತ್ತಿಲ್ಲ. ಇನ್ನೇನು ಆಸೆಯಿದೆ ಎಂದು ಕೇಳಿದರೆ ಕೈ ಒರೆಸಿಕೊಳ್ಳುತ್ತಾಳೆ.

"ಇಷ್ಟು ವರ್ಷ ನಿಲ್ಲಿಸಿದ್ದೇ ಆಯ್ತು. ಒಂದೇ ಒಂದ್ಸಲ ನಿಲ್ಲಿಸದೆ, ಕೈ ಕಟ್ಕೊಂಡು ನೋಡ್ಬೇಕು. ಎಲ್ಲರ ಭಾರಾನೂ ಮೈಮೇಲೆ ಹಾಕ್ಕೊಂಡು ಆ ಒಂದು ಪಟ್ಟಿ ಎಷ್ಟೊತ್ತು ತಡ್ಕೊಳ್ಳುತ್ತೆ ಅಂತ."