ಕೊಪ್ಪಳದ ವಕೀಲರ ಜಮಖಾನೆಯ ಮೇಲೆ

"ನಿಮ್ಮ ಮಗಳ್ನ ಹಾಸನದಾಗ ಯಾಕ ಹಡದ್ರಿ?"

ನಮ್ಮ ಕಾಗದಪತ್ರದ ಮೇಲೆ ಕಣ್ಣಾಡಿಸಿ ಕೊಪ್ಪಳದ ವಕೀಲರು ನನಗೆ ಕೇಳಿದ ಮೊದಲ ಪ್ರಶ್ನೆ ಇದು. ಹೆಸರು ಕೇಳಲಿಲ್ಲ, ಫೀಸಿನ ಮಾತೆತ್ತಲಿಲ್ಲ. ಗುಟ್ಟಾಗಿ ಕೇಳಿದ್ದೂ ಅಲ್ಲ. ಜಮಖಾನೆಯ ಮೇಲೆ ಸಾಲಾಗಿ ಕೂತಿದ್ದ ಏಳೆಂಟು ಜನ ಅಪರಿಚಿತರ ಎದುರಿಗೇ ಕೇಳಿದರು. ಅವರೆಲ್ಲ ತಮ್ಮ ತಮ್ಮ ವ್ಯಾಜ್ಯ ಮರೆತು, ನನ್ನ ಉತ್ತರಕ್ಕಾಗಿ ನನ್ನ ಕಡೆ ತಿರುಗಿ ಕೂತರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಚೊಚ್ಚಲ ಹೆರಿಗೆ... ತವರಿಗೆ ಹೋಗಿದ್ದೆ" ಅಂದೆ.

"ಮತ್ತೆಲ್ಲಿಗೆ ಹೋಗಬೇಕ್ರಿ ಆಕಿ? ಚೊಚ್ಚಲ ಬಾಣಂತನ ತವರಮನ್ಯಾಗ ಅಲ್ಲೇನು?" ಎಂದು ಮೂಲೆಯಲ್ಲಿದ್ದ ಹೆಂಗಸೊಬ್ಬಳು ನನ್ನ ಪರವಾಗಿ ವಾದ ಶುರು ಮಾಡಿಯೇಬಿಟ್ಟಳು. ವಕೀಲರಿಗಿಂತ ಮೊದಲೇ ನನಗೊಬ್ಬ ವಕೀಲೆ ಸಿಕ್ಕಿದ್ದಳು.

ಹಾಸನದ ಕಡೆಯ ನಮ್ಮೂರಿನ ಓದುಗರಿಗೆ ಮೊದಲಿನಿಂದ ಹೇಳುವುದು ಒಳ್ಳೆಯದು. ನನ್ನ ಗಂಡ ಮಂಜೇಗೌಡರು ಮೀಸೆ ಚಿಗುರುವ ವಯಸ್ಸಿನಲ್ಲೇ ಚನ್ನರಾಯಪಟ್ಟಣದ ಕಡೆಯಿಂದ ಗಂಗಾವತಿಗೆ ಬಂದವರು. ಅಲ್ಲಿ ನಮ್ಮ ಸೀಮೆಯವರೇ ಒಬ್ಬರು ನಡೆಸುತ್ತಿದ್ದ ಬೇಕರಿಯಲ್ಲಿ ಕೆಲಸ, ಒಲೆಯ ಹಿಂದಿನ ಕೋಣೆಯಲ್ಲೇ ನಿದ್ದೆ. ಮದುವೆಯಾದ ಮೇಲೆ ಕುಷ್ಟಗಿಯಲ್ಲಿ ನಮ್ಮದೇ ಒಂದು ಬೇಕರಿ ಹಾಕಿದೆವು. ನಮ್ಮ ಕಡೆಯವರು ಹೋದಲ್ಲೆಲ್ಲ ಬೇಕರಿ ಹಾಕುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ವಿಶೇಷ ಇದ್ದದ್ದು ಗಿರಾಕಿಗಳಲ್ಲಿ. ಅಂಗಡಿ ತೆರೆದ ಹೊಸದರಲ್ಲಿ ಯಾರಾದರೂ ಬ್ರೆಡ್ ಕೊಂಡರೆ ಪಕ್ಕದಲ್ಲಿ ನಿಂತವರು ಗಾಬರಿಯಿಂದ, "ಯಾರಿಗೆ ಆರಾಮಿಲ್ರಿ?" ಎಂದು ವಿಚಾರಿಸುತ್ತಿದ್ದರು. ಇಲ್ಲಿ ಬ್ರೆಡ್ ಎಂದರೆ ಜ್ವರ ಬಂದವರ ಊಟ. ಗಟ್ಟಿಮುಟ್ಟಾದವನಿಗೆ ಜೋಳದ ರೊಟ್ಟಿ ಇರುವಾಗ ಬ್ರೆಡ್ ಏಕೆ ಬೇಕು? ಮುದ್ದೆ ಉಂಡು ಬೆಳೆದ ನನಗೆ ಆ ರೊಟ್ಟಿ ಬಡಿಯಲು ಕಲಿಸಿದವರು ಪಕ್ಕದ ಮನೆಯ ಶರಣಮ್ಮಕ್ಕ. ಮೊದಲ ವರ್ಷ ನನ್ನ ರೊಟ್ಟಿಗಳೆಲ್ಲ ಅವರ ಎಮ್ಮೆಯ ಪಾಲಾದವು. ಮಧ್ಯಾಹ್ನ ಬಿಸಿಲಿಗೆ ಬೀದಿ ಖಾಲಿಯಾದಾಗ ನಾನು ಅಳುತ್ತಿದ್ದುದೂ ಆ ಎಮ್ಮೆಗೆ ಮಾತ್ರ ಗೊತ್ತಿತ್ತು.

ಭಾಷೆ ನಿಧಾನಕ್ಕೆ ಬಂತು. ಕ್ಯೂ ಎಂದರೆ ಪಾಳಿ, ನಿಜ ಎಂದರೆ ಖರೆ. ಮಗಳು ರಚನಾಳಿಗೆ ಕಲಿಯುವ ಕಷ್ಟವೇ ಇರಲಿಲ್ಲ. ಮೂರು ತಿಂಗಳ ಕೂಸಾಗಿ ಬಂದವಳು, ಇಲ್ಲೇ ಸಾಲಿ, ಇಲ್ಲೇ ಕಾಲೇಜು. ಶರಣಮ್ಮಕ್ಕನ ಎಮ್ಮೆಗೆ ಡಾಕ್ಟರು ಸೂಜಿ ಹಾಕುವುದನ್ನು ನೋಡುತ್ತಲೇ ಬೆಳೆದು, ಪಶುವೈದ್ಯೆಯಾಗುತ್ತೇನೆ ಎಂದು ಹಟ ಹಿಡಿದಳು. ಅಂಕವೂ ಬಂತು. ತೊಡಕು ಬಂದದ್ದು ಆಮೇಲೆ.

ಈ ಭಾಗದವರಿಗೆ ಸಂವಿಧಾನದ 371ಜೆ ಕಲಮಿನಡಿ ಓದಿಗೂ ನೌಕರಿಗೂ ಮೀಸಲಾತಿ ಇದೆ. ಎಷ್ಟೋ ಕಾಲ ಹಿಂದೆ ಬಿದ್ದ ಸೀಮೆಗೆ ಸಿಕ್ಕ ನ್ಯಾಯ ಅದು. ಇಲ್ಲಿ ಹುಟ್ಟಿದವರಿಗೆ, ಇಲ್ಲವೇ ಗೊತ್ತುಮಾಡಿದ ತಾರೀಖಿಗಿಂತ ಹತ್ತು ವರ್ಷ ಮೊದಲೇ ಬಂದು ನೆಲೆಸಿದವರ ಮಕ್ಕಳಿಗೆ ಅದರ ಪ್ರಮಾಣಪತ್ರ ಸಿಗುತ್ತದೆ. ಅದು ಸಿಕ್ಕರೆ ರಚನಾಳಿಗೆ ಬೀದರಿನ ಪಶುವೈದ್ಯ ಕಾಲೇಜಿನಲ್ಲಿ ಸೀಟು ಖಚಿತ, ಇಲ್ಲದಿದ್ದರೆ ಆಸೆ ಬಿಡಬೇಕು. ನಾವು ಹಾಕಿದ ಅರ್ಜಿ ತಿರಸ್ಕಾರವಾಯಿತು. ಮಗಳು ಹುಟ್ಟಿದ್ದು ಹಾಸನ ಜಿಲ್ಲೆ. ಅಪ್ಪನ ಓಟು ಇಂದಿಗೂ ಹಾಸನ ಜಿಲ್ಲೆ. ಹೀಗಿರುವಾಗ ಇಲ್ಲಿಯವರು ಹೇಗಾದೀರಿ ಎಂದು ಕಾಗದ ಬಂತು.

ಓಟಿನ ಮಾತು ಹಾಸನದವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊರಗೆ ಹೋದ ಬೇಕರಿಯವರೆಲ್ಲರದೂ ಒಂದೇ ರೂಢಿ, ದುಡಿಮೆ ಅಲ್ಲಿ, ಓಟು ಊರಲ್ಲಿ. ಪಂಚಾಯಿತಿ ಚುನಾವಣೆ ಬಂತೆಂದರೆ ನಮ್ಮ ಇವರು ಒಲೆ ಆರಿಸಿ, ಅಂಗಡಿಗೆ ಬೀಗ ಹಾಕಿ, ಹಬ್ಬಕ್ಕೆ ಹೊರಟಂತೆ ಹೊರಡುತ್ತಿದ್ದರು. ಊರಿನಲ್ಲಿ ಜಮೀನು ಇವರ ಅಣ್ಣ, ನಮ್ಮ ಭಾವನವರ ಪಾಲಿಗೆ ಹೋಗಿದೆ, ಮನೆಯೂ ಅವರದೇ. ಇವರಿಗೆ ಅಂತ ಅಲ್ಲಿ ಉಳಿದದ್ದು ಓಟಿನ ಪಟ್ಟಿಯಲ್ಲಿನ ಒಂದು ಹೆಸರು ಮಾತ್ರ.

ಸಂಕಟ ಬಂದಾಗ ವೆಂಕಟರಮಣ. ವಕೀಲರ ವಿಷಯದಲ್ಲಿ ಶರಣಮ್ಮಕ್ಕನ ಬಳಿ ಜಿಲ್ಲೆಯ ನಕ್ಷೆಯೇ ಇತ್ತು. "ಹೊಲದ ಬದುವಿನ ಜಗಳಕ್ಕ ಯಲಬುರ್ಗಾದಾಗ ಒಬ್ರು ಛಲೋ ಅದಾರ. ಪೊಲೀಸ್ ಕೇಸಿಗೆ ಗಂಗಾವತ್ಯಾಗ. ಸರಕಾರದ ಕೂಡ ಗುದ್ದಾಡೂದಿತ್ತಂದ್ರ ಕೊಪ್ಪಳದ ನೀಲಮ್ಮ ವಕೀಲರ ಕಡೆನ ಹೋಗಬೇಕು ತಂಗಿ. ಆಕಿ ತಲಿ ಅದರಾಗ ಹಣ್ಣಾಗೇತಿ." ನಮ್ಮ ಕಡೆ ವಕೀಲರನ್ನು ಹುಡುಕುವುದೆಂದರೆ ನೆಂಟರಲ್ಲಿ ಯಾರು ಲಾ ಓದಿದ್ದಾರೆ ಎಂದು ಹುಡುಕುವುದು. ಇಲ್ಲಿಯವರು ವೈದ್ಯರನ್ನು ಆರಿಸುವಂತೆ ರೋಗ ನೋಡಿ ಆರಿಸುತ್ತಾರೆ. ಈ ಪದ್ಧತಿ ನನಗೆ ಹಿಡಿಸಿತು.

ಹಾಗೆ ನಾವು ಆ ಜಮಖಾನೆಯ ಮೇಲೆ ಕೂತದ್ದು. ನೀಲಮ್ಮ ವಕೀಲರಿಗೆ ಅರವತ್ತರ ಆಸುಪಾಸು. ಎಲ್ಲರೂ ಅವರನ್ನು ಅಕ್ಕಾರ ಅನ್ನುತ್ತಾರೆ. ಮನೆಯ ಪಡಸಾಲೆಯೇ ಕಚೇರಿ. ಬಂದವರೆಲ್ಲ ಒಂದೇ ಕಡೆ ಕೂರಬೇಕು, ಒಬ್ಬರ ಕಥೆ ಇನ್ನೊಬ್ಬರು ಕೇಳಬೇಕು. ಗಂಡ ಹೆಂಡಿರ ವಿಚಾರವಿದ್ದರೆ ಮಾತ್ರ ಒಳಗಿನ ಕೋಣೆ. ಹಾಸನದಲ್ಲಿ ನಮ್ಮ ಮಾವನವರು ವಕೀಲರ ಬಳಿ ಹೋದಾಗ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದ್ದು ನೆನಪಿತ್ತು. ಇದೆಂಥ ಕಚೇರಿ, ಸಂತೆಯೋ ಏನು, ಎಂದು ನಾನು ಮುಖ ಗಂಟಿಕ್ಕಿಕೊಂಡೇ ಕೂತಿದ್ದೆ.

ಅಕ್ಕಾರು ಇವರ ಕಡೆ ತಿರುಗಿದರು. "ಕುಷ್ಟಗಿ ವರ್ಷ ಅಷ್ಟ ಲೆಕ್ಕಕ್ಕ ಸಾಲಂಗಿಲ್ಲ. ಗಂಗಾವತ್ಯಾಗ ಇದ್ದದ್ದಕ್ಕ ಏನು ಪುರಾವೆ ಐತಿ?"

"ಏನೂ ಇಲ್ಲ ಮೇಡಂ. ಒಲೆ ಹಿಂದೆ ಮಲಗ್ತಿದ್ದೆ. ಆ ಓನರ್ರೂ ಈಗಿಲ್ಲ, ಬೇಕರಿನೂ ಇಲ್ಲ."

"ಯಾವ ಬೇಕರಿ?" ಎಂದು ನಡುವೆ ಬಾಯಿ ಹಾಕಿದ್ದು ಟವೆಲ್ ಹೊದ್ದಿದ್ದ ಒಬ್ಬ ಅಜ್ಜ. ನವಲಿಯಿಂದ ತಮ್ಮ ಗದ್ದೆಯ ಕಾಲುವೆ ನೀರಿನ ತಕರಾರಿಗೆ ಬಂದವರು. ನನ್ನ ಗಂಡ ಜಾಗ ಹೇಳಿದರು. ಅಜ್ಜ ಮುಂದಕ್ಕೆ ಸರಿದು ಇವರ ಮುಖವನ್ನೇ ನೋಡಿದರು. "ಆ ದವಾಖಾನಿ ಹತ್ರದ್ದು? ನಮ್ಮವ್ವ ದವಾಖಾನ್ಯಾಗ ಇದ್ದಾಗ ದಿನಾ ಅಲ್ಲೇ ಬ್ರೆಡ್ಡು ಒಯ್ತಿದ್ದೆ. ಒಬ್ಬ ಸಣಕಲ ಹುಡುಗ ಇದ್ದ. ನಾ ಮಾತಾಡಿದ್ರ ತಿಳೀತಿರಲಿಲ್ಲ ಅವಗ, ಬರೇ ಹ್ಞೂಂ ಹ್ಞೂಂ ಅಂತಿದ್ದ. ನೀನ ಏನೋ ತಮ್ಮಾ ಅಂವಾ?"

ನನ್ನ ಗಂಡ ಅಭ್ಯಾಸಬಲದಿಂದ "ಹ್ಞೂಂ" ಅಂದರು. ಜಮಖಾನೆಯೆಲ್ಲ ನಕ್ಕಿತು. ನನ್ನ ಗಂಟಿಕ್ಕಿದ ಮುಖವೂ ಸಡಿಲವಾಯಿತು. ಬಾಗಿಲು ಹಾಕಿಕೊಂಡು ಪಿಸುಗುಟ್ಟಿದ್ದರೆ ಈ ಅಜ್ಜ ನಮಗೆ ಸಿಗುತ್ತಿರಲಿಲ್ಲ.

ಅಕ್ಕಾರು ನಗಲಿಲ್ಲ. "ಒಬ್ಬರ ಮಾತಿಗೆ ತೂಕ ಬರಂಗಿಲ್ಲ. ಆ ಓಣಿಗೆ ಹೋಗ್ರಿ. ಹಳೇ ಮಂದಿ ಯಾರ್ಯಾರು ಅದಾರ ನೋಡ್ಕೊಂಡು ಬರ್ರಿ. ಸರಕಾರಿ ಕಚೇರಿಯವರ ಅಲ್ಲಿಗೆ ಬಂದು ವಿಚಾರಣಿ ಮಾಡ್ಲಿ ಅಂತ ನಾ ಅರ್ಜಿ ಹಾಕ್ತೀನಿ." ಆಮೇಲೆ ಕನ್ನಡಕ ತೆಗೆದು ಇವರಿಗೆ ಹೇಳಿದರು. "ಇನ್ನೊಂದು ಮಾತು. ಊರಾಗಿನ ಓಟು ತಗಸ್ರಿ, ಇಲ್ಲಿ ಹೆಸರು ಹಚ್ಚಸ್ರಿ. ನೀವು ಖರೇನ ಇರೂದು ಇಲ್ಲಿ. ಕಾಯ್ದೆನೂ ಹಂಗ ಹೇಳತೈತಿ. ಎರಡು ದೋಣ್ಯಾಗ ಕಾಲಿಟ್ಟು ನನ್ನ ಸಂಗಾಟ ಸಾಹೇಬ್ರ ಮುಂದ ನಿಂದರಬ್ಯಾಡ್ರಿ."

ಇವರ ಮುಖ ಬಾಡಿತು. ಹೊರಗೆ ಬಂದು ಬಸ್ಸು ಹತ್ತಿದೆವು. ಕುಷ್ಟಗಿ ಹತ್ತಿರ ಬಂದಾಗ, "ಅದೊಂದು ಹೋದ್ರೆ ಅಲ್ಲಿ ನಂದು ಅಂತ ಏನೈತೆ ಹೇಳು?" ಅಂದರು. ನಾನು ಮಗಳ ಪಕ್ಷ, ಅದರಲ್ಲಿ ಅನುಮಾನವಿಲ್ಲ. ಆದರೂ ಇವರ ಮೇಲೆ ಕನಿಕರ ಉಕ್ಕಿ ಬಂತು. ಮದುವೆಯಾಗಿ ಬಂದ ದಿನವೇ ನಾನು ತವರಿನ ಪಟ್ಟಿಗಳಿಂದೆಲ್ಲ ಅಳಿಸಿಹೋಗಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಅದನ್ನು ದೊಡ್ಡದು ಮಾಡಿರಲಿಲ್ಲ. ಗಂಡಸರಿಗೆ ಅದು ಈ ವಯಸ್ಸಿನಲ್ಲಿ ಬಂದರೆ ಕಷ್ಟವೇ.

ನಾಲ್ಕು ದಿನ ಅವರು ಹಿಟ್ಟು ನಾದಿದ ಬಗೆ ನೋಡಿಯೇ ಒಳಗಿನ ಕುದಿ ತಿಳಿಯುತ್ತಿತ್ತು. ಐದನೆಯ ದಿನ ಊರಿನ ಓಟು ತೆಗೆಸುವ ಅರ್ಜಿಗೆ ಸಹಿ ಹಾಕಿ ಕಳಿಸಿದರು. ಊರಿಗೆ ಫೋನು ಮಾಡಿ ತಿಳಿಸಲಿಲ್ಲ.

ಗಂಗಾವತಿಯ ಓಣಿಯಲ್ಲಿ ಬೇಕರಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಎದುರುಮನೆಯ ಸುಬ್ಬಮ್ಮನವರು ಮಾತ್ರ ಹಾಗೇ ಇದ್ದರು. ಕಾಲುವೆ ನೀರು ಬಂದ ಕಾಲಕ್ಕೆ ಭತ್ತ ಬೆಳೆಯಲು ಆಂಧ್ರದಿಂದ ಬಂದ ಮನೆತನ. ಅವರ ಕನ್ನಡದಲ್ಲಿ ಅರ್ಧ ತೆಲುಗು. "ಮಂಜು ಅಲ್ಲವಾ! ದಿನಾ ನಮ್ಮ ನಲ್ಲ್ಯಾಗ ನೀರು ಹಿಡಕೊಂತಿದ್ದ" ಎಂದು ಇವರ ಕೆನ್ನೆ ಸವರಿದರು. ವಿಚಾರಣೆಗೆ ಕಚೇರಿಯವರು ಬಂದ ದಿನ ಅವರೂ, ಓಣಿಯ ಹಳಬರಿಬ್ಬರೂ, ನವಲಿಯ ಅಜ್ಜನೂ ಬಂದು ನಿಂತು ಹೇಳಿದರು. ಅಜ್ಜನಿಗೆ ಬಸ್ ಚಾರ್ಜು ಕೊಡಹೋದರೆ ಬೈದರು. ಸುಬ್ಬಮ್ಮನವರ ಕೈಹಿಡಿದು ವಂದಿಸಿದೆ. "ನಾವೂ ಬಂದೋರೇ ಅಮ್ಮಾ. ಯಾರೋ ನಮ್ಮ ಪರವಾಗಿ ಒಂದು ಮಾತು ಹೇಳಿದ್ದಕ್ಕೇ ನಿಂತಿದ್ದೀವಿ" ಅಂದರು.

ಕೊನೆಗೆ ಕೊಪ್ಪಳದಲ್ಲಿ ಪ್ರಮಾಣಪತ್ರ ಕೊಡುವ ಸಾಹೇಬರ ಮುಂದೆ ಹಾಜರಾದೆವು. ಓಟಿನ ಸಂಗತಿಯನ್ನು ಅಕ್ಕಾರು ತಾವಾಗಿಯೇ ಮೊದಲು ಎತ್ತಿದರು. ಹಿಂದೆ ಅಲ್ಲಿತ್ತು, ತೆಗೆಸಿದ್ದಾರೆ, ಇಲ್ಲಿ ಬರೆಸಿದ್ದಾರೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು. ಸಾಹೇಬರು ಇವರನ್ನು ನೋಡಿ, "ನಿಮ್ಮೂರು ಯಾವುದ್ರಿ?" ಅಂದರು.

ಇವರು ತಡವರಿಸಿದರು. ಕುಷ್ಟಗಿ ಅನ್ನಬಾರದೇ ಈ ಮನುಷ್ಯ!

"ನಮ್ಮಪ್ಪನ ಊರು ಚನ್ನರಾಯಪಟ್ಟಣದ ಹತ್ರ ಸಾರ್. ನನ್ನ ಮಗಳಿಗೆ ಕುಷ್ಟಗಿ ಬಿಟ್ರೆ ಬೇರೆ ಊರಿಲ್ಲ."

ಸಾಹೇಬರು ತಲೆಯಾಡಿಸಿ ಬರೆದುಕೊಂಡರು. ಹೊರಗೆ ಬಂದು ಅಕ್ಕಾರು, "ನಾ ಕಲಿಸಿದ್ದು ಬಿಟ್ಟು ನಿಮ್ಮ ತಲಿಗೆ ಬಂದದ್ದು ಹೇಳಿದ್ರಿ. ಇರ್ಲಿ, ಬಿಡ್ರಿ, ಕೆಡಸಲಿಲ್ಲ" ಅಂದರು. ಕೌನ್ಸೆಲಿಂಗಿಗೆ ಮುಂಚೆಯೇ ಪ್ರಮಾಣಪತ್ರ ಕೈ ಸೇರಿತು. ರಚನಾ ಈಗ ಬೀದರಿನಲ್ಲಿದ್ದಾಳೆ. ಫೋನಿನಲ್ಲಿ ಮಾತಿಗೆ ಕೂತರೆ ಬರೀ ಆಕಳು, ಎಮ್ಮೆ, ಅವುಗಳ ಕರುಳಿನ ಸುದ್ದಿ. ಕೇಳುತ್ತ ಕೇಳುತ್ತ ನನಗೆ ಸಂತೋಷಕ್ಕೆ ಕಣ್ಣು ತುಂಬುತ್ತದೆ.

ಮೊನ್ನೆ ಊರಿನಲ್ಲಿ ಪಂಚಾಯಿತಿಗೆ ಉಪಚುನಾವಣೆ ನಡೆಯಿತು. ಅಂಗಡಿಯಲ್ಲಿ ಗಿರಾಕಿಗಳಿದ್ದು ಕೈ ಬಿಡುವಿಲ್ಲದ್ದರಿಂದ ಭಾವನವರ ಫೋನನ್ನು ಇವರು ಸ್ಪೀಕರಿಗೆ ಹಾಕಿ ಮಾತಾಡಿದರು. ಭಾವ ಕೆಂಡವಾಗಿದ್ದರು. "ಲೋ ಮಂಜ, ನಿನ್ ಹೆಸರೇ ಪಟ್ಟೀಲಿಲ್ಲ ಕಣ್ಲಾ! ಯಾವನೋ ಬೇಕೂಂತ ತೆಗೆಸವ್ನೆ. ಬೂತ್‌ನಾಗಿದ್ದ ಮೇಷ್ಟ್ರ ಹತ್ರ ಎಂಗ್ ಜಗಳ ಮಾಡ್ದೆ ಅಂತೀಯ! ನಮ್ ತಮ್ಮ ಹೊಟ್ಟೆಪಾಡಿಗೆ ಹೋಗವ್ನೆ ಹೊರ್ತು ಊರ್ ಬುಟ್ಟಿಲ್ಲ ಅಂದೆ. ನೀನೇನ್ ಯೋಚ್ನೆ ಮಾಡ್ಬೇಡ, ಮತ್ತೆ ಸೇರಿಸ್ದೆ ಬುಡಕಿಲ್ಲ ನಾನು."

ಇವರು ಬಾಯಿ ತೆರೆದರು, ಮುಚ್ಚಿದರು. ಕಡೆಗೆ "ಹ್ಞೂಂ ಅಣ್ಣ" ಎಂದು ಫೋನು ಇಟ್ಟು, ಗಿರಾಕಿಗೆ ಬ್ರೆಡ್ ಕಟ್ಟಿಕೊಟ್ಟರು. ಆ ದಿನವೆಲ್ಲ ಅವರ ಮುಖ ನೋಡಲು ನನಗೆ ಆಗಲಿಲ್ಲ.

ಇವರ ಬಾಯಿಂದ ಆ ಮಾತು ಬರುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಭಾವ, ಇದು ನಿಮ್ಮ ಕೈಗೆ ಸಿಕ್ಕರೆ ಆ ಮೇಷ್ಟ್ರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಹೆಸರು ತೆಗೆಸಿದವರು ನಿಮ್ಮ ತಮ್ಮನೇ.